ಚಪ್ಪಲಿ ನೋಡಿ ತರಗತಿ ಹೇಳುವ ಚಾಪೆಯಕ್ಕ

ಬೆಳಗಿನ ಜಾವ ನಾಲ್ಕೂಮುಕ್ಕಾಲು. ಬೀದಿದೀಪಗಳು ಇನ್ನೂ ಉರಿಯುತ್ತಿವೆ. ಮೂರಂತಸ್ತಿನ ಹಳೆಯ ಕಟ್ಟಡವೊಂದರ ಕಬ್ಬಿಣದ ಬಾಗಿಲನ್ನು ಐವತ್ಮೂರು ವರ್ಷದ ಹೆಂಗಸೊಬ್ಬರು ತಳ್ಳುತ್ತಿದ್ದಾರೆ. ಬಾಗಿಲು ಅರ್ಧಕ್ಕೆ ಬಂದು ಕಚ್ಚಿಕೊಳ್ಳುತ್ತದೆ. ಅವರು ಒಂದು ಹೆಜ್ಜೆ ಹಿಂದೆ ಸರಿದು, ಉಸಿರು ಬಿಟ್ಟು, ಮೊಣಕಾಲು ತುಸು ಮಡಿಸಿ ಮತ್ತೆ ತಳ್ಳುತ್ತಾರೆ. ಈ ಸಲ ಬಾಗಿಲು ಮಾತು ಕೇಳುತ್ತದೆ. "ಸೊಂಟದಿಂದ ತಳ್ಳಿದ್ರೆ ನೋವು ಬರುತ್ತೆ, ಕಾಲಿಂದ ತಳ್ಳಿದ್ರೆ ಬಾಗಿಲು ಬರುತ್ತೆ," ಎಂದು ಸೆರಗು ಸಿಕ್ಕಿಸಿಕೊಂಡು ಒಳಗೆ ನಡೆಯುತ್ತಾರೆ.

ಒಳಗೆ ನಲವತ್ತಾರು ಚಾಪೆಗಳು ಕಾದಿವೆ. ಬಕೆಟ್ ನೀರಿಗೆ ಎರಡು ಮುಚ್ಚಳ ವಿನೆಗರ್ ಹಾಕಿ, ಹಳೇ ಬನಿಯನ್ ಬಟ್ಟೆ ಅದ್ದಿ ಹಿಂಡಿ, ಒಂದೊಂದನ್ನೂ ತಲೆಯಿಂದ ಕಾಲಿನತ್ತ ಒರೆಸುತ್ತಾರೆ. ಅಡ್ಡಡ್ಡ ಒರೆಸಿದರೆ ರಬ್ಬರು ಸಿಪ್ಪೆ ಏಳುತ್ತದಂತೆ. ಒಂದು ಚಾಪೆಗೆ ನಲವತ್ತು ಸೆಕೆಂಡು. ಐದೂವರೆಗೆ ಮೊದಲ ತಂಡ ಬರುವಷ್ಟರಲ್ಲಿ ನೆಲ ಒಣಗಿರಬೇಕು, ಕಿಟಕಿ ತೆರೆದಿರಬೇಕು, ಕೆಳಮಹಡಿಯಲ್ಲಿ ಹದಿನಾಲ್ಕು ಕುರ್ಚಿಗಳು ಗೋಡೆಗೆ ಬೆನ್ನು ಮಾಡಿ ನಿಂತಿರಬೇಕು. ದಿನಕ್ಕೆ ಏಳು ತಂಡ, ನೂರಿಪ್ಪತ್ತರ ಆಸುಪಾಸು ಜನ, ಒಂಬತ್ತು ಬಕೆಟ್ ನೀರು. ಈ ಲೆಕ್ಕವೆಲ್ಲ ಅವರ ಬಾಯಲ್ಲೇ ಇದೆ. ಅವರ ಹೆಸರು ಮಾತ್ರ ಇಲ್ಲಿಗೆ ಬರುವ ಅರ್ಧಕ್ಕರ್ಧ ಜನರಿಗೆ ಗೊತ್ತಿಲ್ಲ. ಎಲ್ಲರಿಗೂ ಅವರು ಚಾಪೆಯಕ್ಕ.

ಕಟ್ಟಡದಲ್ಲಿರುವುದು ಮೂರು ಯೋಗ ತರಗತಿಗಳು. ಕೆಳಗೆ ಕುರ್ಚಿ, ದಿಂಬು, ಗೋಡೆ ಹಿಡಿದು ಮಾಡುವ ನಿಧಾನದ ತರಗತಿ. ನಡುವಿನ ಮಹಡಿಯಲ್ಲಿ ಕೂತು ಉಸಿರಾಟ ಕಲಿಸುವವರು. ಮೇಲೆ ಯುವ ಶಿಕ್ಷಕರೊಬ್ಬರ ವೇಗದ ತರಗತಿ. ಮುಗಿಸಿ ಇಳಿಯುವವರ ಅಂಗಿ ಹಿಂಡಿದರೆ ನೀರು ಬರುತ್ತದೆ. ಮೂವರಿಗೂ ಜಾಗ ಬಾಡಿಗೆಗೆ ಕೊಟ್ಟಿರುವ ಯಜಮಾನರು ಒಬ್ಬರೇ, ಮೂರನ್ನೂ ಗುಡಿಸುವವರೂ ಒಬ್ಬರೇ. ಬೀದಿಗೆ ಕಾಣುವುದು ಮೇಲಿನ ಮಹಡಿಯ ದೊಡ್ಡ ಫಲಕ ಮಾತ್ರ. ಹಾಗಾಗಿ ಹೊಸಬರು ಬರುವುದೆಲ್ಲ ಅದನ್ನು ಕೇಳಿಕೊಂಡೇ. ಬಂದವರು ಬಾಗಿಲ ಬಳಿಯ ಗೂಡಿನಲ್ಲಿ ಚಪ್ಪಲಿ ಬಿಡುತ್ತಾರೆ. ಗೂಡಿನ ಪಕ್ಕದ ಮಣೆಯ ಮೇಲೆ ಚಾಪೆಯಕ್ಕ ಕೂತಿರುತ್ತಾರೆ.

ಅವರು ಮೊದಲು ನೋಡುವುದು ಮುಖವನ್ನಲ್ಲ, ಬಿಟ್ಟ ಚಪ್ಪಲಿಯನ್ನು. ಹಿಮ್ಮಡಿ ಯಾವ ಕಡೆ ಸವೆದಿದೆ, ಎರಡೂ ಒಂದೇ ಸಮ ಸವೆದಿವೆಯೇ, ಬಾರು ಬಿಚ್ಚಲು ಬಗ್ಗುವಾಗ ಉಸಿರು ಹಿಡಿದರೇ, ಗೋಡೆಗೆ ಕೈ ಕೊಟ್ಟರೇ. ಆಮೇಲೆ ಎರಡು ಮಾತಾಡಿಸುತ್ತಾರೆ. ಎಲ್ಲಿ ಕೆಲಸ, ಎಷ್ಟು ಹೊತ್ತು ನಿಲ್ಲಬೇಕು, ರಾತ್ರಿ ಯಾವ ಮಗ್ಗುಲಾಗಿ ಮಲಗುತ್ತೀರಿ. ಕೊನೆಗೆ, "ಒಂದು ವಾರ ಕೆಳಗಡೆ ಬನ್ನಿ, ನೋಡೋಣ," ಎಂದೋ, "ನೀವು ನಡುವಿನ ಮಹಡಿಗೆ ಹೋಗಿ, ನಿಮಗೆ ಬೇಕಿರೋದು ಉಸಿರು," ಎಂದೋ ಹೇಳುತ್ತಾರೆ. ಅವರ ಬಳಿ ಯಾವ ಪ್ರಮಾಣಪತ್ರವೂ ಇಲ್ಲ. ಹೇಳಿದ್ದು ಹತ್ತಕ್ಕೆ ಎಂಟು ಸಲ ಸರಿಹೋಗುತ್ತದೆ ಎನ್ನುವುದು ಮೂರೂ ಮಹಡಿಯವರು ಒಪ್ಪುವ ಮಾತು.

ಈ ಕಣ್ಣು ಅವರಿಗೆ ಬಂದದ್ದು ಪುಸ್ತಕದಿಂದಲ್ಲ, ಪೆಟ್ಟು ತಿಂದು. ಹತ್ತೊಂಬತ್ತು ವರ್ಷ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಇಸ್ತ್ರಿ ವಿಭಾಗದಲ್ಲಿ ನಿಂತವರು ಅವರು. ದಿನಕ್ಕೆ ನಾನೂರು ಅಂಗಿ, ಒಂದೇ ಕೈ, ಒಂದೇ ಕಾಲಿನ ಮೇಲೆ ಭಾರ. ನಲವತ್ತು ದಾಟುವಷ್ಟರಲ್ಲಿ ಬಲಭುಜ ಮೇಲೇಳುವುದನ್ನು ನಿಲ್ಲಿಸಿತು. ಮಲಗಿದರೆ ಏಳಲಾಗದು, ಎದ್ದರೆ ಕೂರಲಾಗದು. ವೈದ್ಯರು ಮಾತ್ರೆ ಬರೆದುಕೊಟ್ಟು, ಯೋಗ ಮಾಡಿ ಎಂದು ಒಂದು ಮಾತು ಸೇರಿಸಿ ಕಳಿಸಿದರು. ಯಾವ ಯೋಗ, ಎಲ್ಲಿ, ಯಾರ ಹತ್ತಿರ ಎಂದು ಹೇಳಲಿಲ್ಲ.

ಮನೆ ಹತ್ತಿರ ಸಿಕ್ಕ ಮೊದಲ ತರಗತಿಗೆ ಸೇರಿದರು. ಅರವತ್ತು ಜನ, ಮುಂದೆ ಮೈಕು. ನಾಲ್ಕನೇ ದಿನ ಶಿಕ್ಷಕರು ಹಿಂದಿನಿಂದ ಬಂದು, ಇನ್ನೂ ಬಗ್ಗಿ ಎಂದು ಬೆನ್ನು ಒತ್ತಿದರು. ಕುತ್ತಿಗೆ ಹಿಡಿದುಕೊಂಡಿತು, ಹದಿನೆಂಟು ದಿನ ತಿರುಗಿಸಲಾಗಲಿಲ್ಲ. ಎರಡನೆಯ ಕಡೆ ಒಂದು ಗಂಟೆಯಲ್ಲಿ ಮುಕ್ಕಾಲು ಗಂಟೆ ಭಾಷಣ. ಮೂರನೆಯದು ಚೆನ್ನಾಗಿತ್ತು. ಆದರೆ ಎರಡು ಬಸ್ಸು ಬದಲಿಸಿ ಹೋಗಿ ಬರುವಷ್ಟರಲ್ಲಿ ಬಂದ ಆರಾಮವೆಲ್ಲ ಬಸ್ಸಿನಲ್ಲೇ ಇಳಿದುಹೋಗುತ್ತಿತ್ತು. ಮನೆಯಲ್ಲಿ ಅತ್ತೆಯವರ ಗೇಲಿ ಬೇರೆ. ಗಾಳಿ ಪುಕ್ಕಟೆ ಸಿಗುವಾಗ ನಮ್ಮ ಸೊಸೆ ದುಡ್ಡು ಕೊಟ್ಟು ಉಸಿರಾಡಲು ಹೋಗುತ್ತಾಳೆ ಎಂದು ಅವರು ಪಕ್ಕದ ಮನೆಯವರಿಗೆಲ್ಲ ಹೇಳುತ್ತಿದ್ದರಂತೆ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ಗಂಡ ಮಾತ್ರ ಏನೂ ಅನ್ನಲಿಲ್ಲ. ಬೆಳಗಿನ ಅಡುಗೆಯನ್ನು ತಾವೇ ಮಾಡತೊಡಗಿದರು.

"ಯೋಗ ನಮ್ಮಂಥೋರಿಗಲ್ಲ ಅಂತ ಅನ್ಕೊಂಬಿಟ್ಟಿದ್ದೆ," ಎನ್ನುತ್ತಾರೆ ಚಾಪೆಯಕ್ಕ. "ಅದು ಮೈ ಬಳುಕೋರಿಗೆ, ಪುರುಸೊತ್ತಿರೋರಿಗೆ ಅಂತ."

ಆಗ ಇದೇ ಕಟ್ಟಡದ ಕೆಳಮಹಡಿಯ ಸುದ್ದಿ ಕಿವಿಗೆ ಬಿತ್ತು. ಕಲಿಸುತ್ತಿದ್ದವರು ಮೂವತ್ತು ವರ್ಷ ಈಜು ಕಲಿಸಿ ನಿವೃತ್ತರಾಗಿದ್ದ ಮೇಡಂ. ಮೊದಲ ದಿನ ಅವರು ಈ ಇಸ್ತ್ರಿಯ ಹೆಂಗಸನ್ನು ಮೇಲಿಂದ ಕೆಳಗೆ ನೋಡಿ, ಇವತ್ತು ನೀವು ಏನೂ ಮಾಡಬೇಡಿ, ಮಲಗಿ ಎಂದರು. ಮೊಣಕಾಲಿನ ಕೆಳಗೊಂದು ದಿಂಬು, ಭುಜದ ಕೆಳಗೊಂದು ಮಡಿಸಿದ ಟವೆಲು ಇಟ್ಟರು. ನೀರಿಗೆ ಬಿದ್ದವರಿಗೆ ಮೊದಲು ತೇಲುವುದನ್ನು ಕಲಿಸಬೇಕು, ಕೈಕಾಲು ಬಡಿಯುವುದು ಆಮೇಲೆ ಎನ್ನುವುದು ಅವರ ಪಾಠ. ಚಾಪೆಯಕ್ಕ ಕಣ್ಣು ಬಿಟ್ಟಾಗ ತರಗತಿ ಮುಗಿದು ಮುಕ್ಕಾಲು ಗಂಟೆಯಾಗಿತ್ತು. ಮೈಮೇಲೆ ಒಂದು ಹೊದಿಕೆ ಇತ್ತು. ಮೇಡಂ ಒಂದು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಪತ್ರಿಕೆ ಓದುತ್ತಿದ್ದರು.

"ಹತ್ತೊಂಬತ್ತು ವರ್ಷ ನಿಂತೇ ಇದ್ದೆ. ಮಲಗು ಅಂತ ಯಾರೂ ಅಂದಿರಲಿಲ್ಲ," ಎನ್ನುವಾಗ ಮಾತ್ರ ಅವರ ಕೈಯ ಬಟ್ಟೆ ಒಂದು ಕ್ಷಣ ನಿಲ್ಲುತ್ತದೆ.

ಭುಜ ಮೇಲೇಳಲು ಏಳು ತಿಂಗಳು ಹಿಡಿಯಿತು. ಕಾರ್ಖಾನೆ ಬಿಟ್ಟು, ಇಲ್ಲಿ ಖಾಲಿಯಿದ್ದ ಕೆಲಸ ಕೇಳಿ ಪಡೆದರು. ಹನ್ನೊಂದು ವರ್ಷವಾಯಿತು. ದಿನವೂ ಹನ್ನೊಂದು ಗಂಟೆಗೆ ಮೂರೂ ಹಜಾರ ಖಾಲಿಯಾದಾಗ ನಲವತ್ತು ನಿಮಿಷ ತಮ್ಮದೇ ಅಭ್ಯಾಸ ಮಾಡುತ್ತಾರೆ. ಇಷ್ಟು ವರ್ಷಕ್ಕೆ ಏನೇನು ಬರುತ್ತದೆ ಎಂದು ಕೇಳಿದರೆ ನಗುತ್ತಾರೆ. ಪದ್ಮಾಸನ ಬರುವುದಿಲ್ಲ. ಶೀರ್ಷಾಸನದ ಗೋಜಿಗೇ ಹೋಗಿಲ್ಲ. ಬಗ್ಗಿದರೆ ಬೆರಳು ಕಾಲಿಗೆ ತಾಗುವುದು ವಾರಕ್ಕೆರಡು ದಿನ. "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ನನ್ನ ವಿಷಯದಲ್ಲಿ ಹಾಸಿಗೆ ಉದ್ದ ಇದೆ, ಕಾಲೇ ಬರಲ್ಲ," ಎನ್ನುತ್ತಾರೆ. ಅದರ ಬಗ್ಗೆ ಅವರಿಗೆ ಎಳ್ಳಷ್ಟೂ ಬೇಸರವಿಲ್ಲ.

ಹೊಸಬರಿಗೆ ದಾರಿ ತೋರಿಸುವ ಕೆಲಸ ಯಾರೂ ಹೇಳಿ ಶುರುವಾದದ್ದಲ್ಲ. ಒಮ್ಮೆ ಲಾರಿ ಚಾಲಕರೊಬ್ಬರು ಮೇಲಿನ ತರಗತಿ ಕೇಳಿಕೊಂಡು ಬಂದರು. ಬಲಗಾಲಿನ ಬೂಟಿನ ಹಿಮ್ಮಡಿ ಅರ್ಧ ಸವೆದಿತ್ತು. ಲೇಸು ಬಿಚ್ಚಲು ಬಗ್ಗಿದವರು ಹಲ್ಲು ಕಚ್ಚಿದ್ದು ಕಂಡಿತು. ಅಣ್ಣಾ, ಮೊದಲು ಕೆಳಗೆ ಹದಿನೈದು ದಿನ ಮಾಡಿ ಎಂದರು ಚಾಪೆಯಕ್ಕ. ಚಾಲಕರು ಒಪ್ಪಿದ್ದಷ್ಟೇ ಅಲ್ಲ, ತಮ್ಮ ಜೊತೆಯವರಲ್ಲಿ ಮೂವರನ್ನು ಕರೆತಂದರು. ಬಾಯಿಂದ ಬಾಯಿಗೆ ಮಾತು ಹರಡಿತು. ಮೇಲಕ್ಕೆ ಹತ್ತಬೇಕಿದ್ದವರು ಒಬ್ಬೊಬ್ಬರಾಗಿ ಕೆಳಗೇ ಉಳಿಯತೊಡಗಿದರು.

ಮೇಲಿನ ಶಿಕ್ಷಕರಿಗೆ ಇದು ಗೊತ್ತಾಗದೆ ಇರುತ್ತದೆಯೇ? ಅವರು ಯಜಮಾನರಲ್ಲಿ ದೂರಿದರು. ಯಜಮಾನರು ಕರೆಸಿ, ನಿಮಗೆ ಕೊಟ್ಟಿರುವುದು ಪೊರಕೆ, ಅದಷ್ಟೇ ಆಡಲಿ, ನಾಲಿಗೆ ಆಡುವುದು ಬೇಡ, ಇನ್ನೊಂದು ದೂರು ಬಂದರೆ ಬೇರೆ ಕೆಲಸ ನೋಡಿಕೊಳ್ಳಿ ಎಂದರು. ಆ ವರ್ಷ ಗಂಡನಿಗೆ ಡಿಪೋದಲ್ಲಿ ತಿಂಗಳಿಗೆ ಹದಿನೈದು ದಿನವಷ್ಟೇ ಕೆಲಸವಿತ್ತು. ಚಾಪೆಯಕ್ಕ ಬಾಯಿಗೆ ಬೀಗ ಹಾಕಿಕೊಂಡರು. ಐದು ವಾರ ಯಾರ ಚಪ್ಪಲಿಯನ್ನೂ ನೋಡಲಿಲ್ಲ. ನೋಡಿದರೆ ಮಾತು ಬರುತ್ತದೆಂದು ಮಣೆಯನ್ನೇ ಒಳಗಿಟ್ಟರು.

ಆರನೇ ವಾರ ಗ್ರಂಥಾಲಯದಲ್ಲಿ ಕೆಲಸ ಮಾಡುವ ಹೆಂಗಸೊಬ್ಬರು ಮೇಲಿನ ತರಗತಿ ಕೇಳಿಕೊಂಡು ಬಂದರು. ಹೆಗಲ ಚೀಲವನ್ನು ಕೆಳಗಿಡುವಾಗ ಎಡ ಅಂಗೈ ಬಳಸದೆ, ಅದೇ ಕೈಯ ಮೊಣಕೈ ಮಡಿಸಿ ಅದರಿಂದಲೇ ಇಳಿಸಿದರು. ಮಣಿಕಟ್ಟಿಗೆ ಹಿಂದೆ ಏನೋ ಆಗಿದೆ ಎಂದು ಚಾಪೆಯಕ್ಕನಿಗೆ ಹೊಳೆಯಿತು. ಮೇಲಿನ ತರಗತಿಯಲ್ಲಿ ಅರ್ಧ ಹೊತ್ತು ಅಂಗೈ ಮೇಲೆಯೇ ಭಾರ. ಯಜಮಾನರ ಮಾತು ನೆನಪಾಗಿ ಚಾಪೆಯಕ್ಕ ಬಕೆಟ್ ಎತ್ತಿಕೊಂಡು ಒಳಗೆ ಹೋದರು. ಒಂಬತ್ತನೇ ದಿನ ಆ ಹೆಂಗಸು ಮಣಿಕಟ್ಟಿಗೆ ಒದ್ದೆ ಟವೆಲು ಸುತ್ತಿಕೊಂಡು ಮೆಟ್ಟಿಲಿಳಿದು ಬಂದರು. ಏಳು ವರ್ಷದ ಹಿಂದೆ ಮುರಿದಿದ್ದ ಜಾಗ ಮತ್ತೆ ಊದಿಕೊಂಡಿತ್ತು. ಚಪ್ಪಲಿ ಮೆಟ್ಟಿಕೊಳ್ಳುತ್ತ, "ಹೋಗಲಿ ಬಿಡಿ ಅಕ್ಕ, ಯೋಗ ನನ್ನಂಥೋರಿಗಲ್ಲ," ಎಂದು ಹೊರಟುಹೋದರು.

ಆ ಮಾತು ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಅಂದು ರಾತ್ರಿ ಅನ್ನ ಇಳಿಯಲಿಲ್ಲ. ಸೊಸೆಯ ಯೋಗವನ್ನು ಗೇಲಿ ಮಾಡುತ್ತಿದ್ದ ಅತ್ತೆಯವರೇ ತಟ್ಟೆ ನೋಡಿ ವಿಷಯ ಕೇಳಿದರು. ಕೇಳಿ, ಕಂಡದ್ದನ್ನು ಹೇಳದೆ ಬಂದ ಸಂಬಳದಲ್ಲಿ ಉಂಡರೆ ಅದು ಮೈಗೆ ಹತ್ತುವುದಿಲ್ಲ ಕಣೇ ಎಂದರು. ಮರುದಿನ ಚಾಪೆಯಕ್ಕ ನೆಲ ಒರೆಸುವ ಕೋಲನ್ನು ಕೈಯಲ್ಲಿ ಹಿಡಿದುಕೊಂಡೇ ಮೇಲಿನ ಮಹಡಿಗೆ ಹೋದರು.

"ಸರ್, ಅವರ ಕೈ ಹಂಗಿದೆ ಅಂತ ನಾನು ಮೊದಲನೇ ದಿನವೇ ನೋಡಿದ್ದೆ, ಹೇಳಲಿಲ್ಲ," ಎಂದರು. "ಅದರಲ್ಲಿ ಅರ್ಧ ತಪ್ಪು ನಂದು. ಇನ್ನರ್ಧ ಯಾರದು ಅಂತ ನೀವೇ ನೋಡ್ಕೊಳ್ಳಿ. ಕೆಲಸ ಬಿಡಿ ಅಂದ್ರೆ ಬಿಡ್ತೀನಿ."

ಶಿಕ್ಷಕರು ಬೈಯುತ್ತಾರೆ ಎಂದುಕೊಂಡಿದ್ದರು. ಅವರು ಬೈಯದೆ, ನೀವು ನೋಡಿದ್ದು ಏನನ್ನು ಎಂದು ಕೇಳಿದರು. ಚೀಲ ಇಳಿಸಿದ ರೀತಿಯನ್ನು ಚಾಪೆಯಕ್ಕ ಮಾಡಿ ತೋರಿಸಿದರು. ಮೂವತ್ತು ಜನಕ್ಕೆ ಕಲಿಸುತ್ತ ನಾನು ಇದನ್ನು ನೋಡಲೇ ಇಲ್ಲ ಎಂದರು ಅವರು. ಸಂಜೆ ತಾವೇ ಯಜಮಾನರಿಗೆ ಫೋನು ಮಾಡಿ ದೂರು ವಾಪಸು ಪಡೆದರು. ಮಾರನೆಯ ದಿನ ಮಣೆ ಮತ್ತೆ ಬಾಗಿಲ ಬಳಿ ಬಂತು.

"ಅವತ್ತು ನನಗೆ ನಾಚಿಕೆಯಾಯ್ತು," ಎಂದು ಶಿಕ್ಷಕರು ಈಗ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. "ಈಗ ಹೊಸಬರು ಯಾರೇ ಬಂದ್ರೂ ಅಕ್ಕನ ಮುಂದೆ ಚಪ್ಪಲಿ ಬಿಟ್ಟೇ ಹತ್ತಬೇಕು."

ಗ್ರಂಥಾಲಯದ ಹೆಂಗಸನ್ನು ಮರಳಿ ಕರೆತರುವುದು ಅಷ್ಟು ಸಲೀಸಾಗಲಿಲ್ಲ. ಚಾಪೆಯಕ್ಕ ಮೂರು ಸಲ ಗ್ರಂಥಾಲಯಕ್ಕೆ ಹೋದರು. ಮೊದಲ ಸಲ ಆಕೆ ಮುಖ ಕೊಟ್ಟು ಮಾತಾಡಲಿಲ್ಲ. ಎರಡನೇ ಸಲ ರಜೆ. ಮೂರನೇ ಸಲ ಚಾಪೆಯಕ್ಕ ಪುಸ್ತಕದ ಕಪಾಟಿಗೆ ಮುಂಗೈ ಆನಿಸಿ, ಅಂಗೈಗೆ ಭಾರ ಬೀಳದ ಹಾಗೆ ಬೆನ್ನು ಚಾಚುವುದು ಹೇಗೆಂದು ಅಲ್ಲೇ ಮಾಡಿ ತೋರಿಸಿದರು. ಓದುತ್ತಿದ್ದವರೆಲ್ಲ ತಲೆಯೆತ್ತಿ ನೋಡಿದರು. ಆಕೆಗೆ ನಗು ತಡೆಯಲಾಗಲಿಲ್ಲ. ಮುಂದಿನ ಸೋಮವಾರ ಕೆಳಮಹಡಿಗೆ ಬಂದರು. ಈಗ ಎರಡು ವರ್ಷದಿಂದ ಒಂದು ದಿನವೂ ತಪ್ಪಿಸಿಲ್ಲ.

ಎಲ್ಲರನ್ನೂ ಕೆಳಗೇ ಕೂರಿಸುತ್ತಾರೆ ಎಂದುಕೊಂಡರೆ ಅದು ತಪ್ಪು. ಕುರ್ಚಿ ತರಗತಿಯಲ್ಲಿ ಆಕಳಿಸುತ್ತಿದ್ದ ಅರವತ್ತೆಂಟರ ನಿವೃತ್ತ ಅಂಚೆಯಣ್ಣನನ್ನು, ನಿಮಗೆ ಇದು ಸಾಲದು ಎಂದು ಮೇಲಕ್ಕೆ ಅಟ್ಟಿದವರೂ ಇವರೇ. ಜೀವಮಾನವಿಡೀ ನಡೆದ ಕಾಲು ಅವರದು. ಇಂದು ಇಪ್ಪತ್ತರ ಹುಡುಗರ ಜೊತೆ ಬೆವರು ಸುರಿಸುತ್ತಾರೆ. ಲೆಕ್ಕ ತಪ್ಪಿದ್ದೂ ಉಂಟು. ಮೆತ್ತಗೆ ಮಾತಾಡುತ್ತಾರೆಂದು ಒಬ್ಬ ಹೆಣ್ಣುಮಗಳನ್ನು ಉಸಿರಾಟದ ತರಗತಿಗೆ ಕಳಿಸಿದ್ದರು. ಮೂರೇ ದಿನಕ್ಕೆ ಆಕೆ ಬಂದು, ಅಕ್ಕ, ದಿನವಿಡೀ ಕಚೇರಿಯಲ್ಲಿ ಸುಮ್ಮನೆ ಕೂರುವುದೇ ಆಗಿದೆ, ಇಲ್ಲಿಯೂ ಸುಮ್ಮನೆ ಕೂರಿಸುತ್ತೀರಾ ಎಂದು ತರಾಟೆಗೆ ತೆಗೆದುಕೊಂಡರಂತೆ. ಚಪ್ಪಲಿ ಎಲ್ಲವನ್ನೂ ಹೇಳುವುದಿಲ್ಲ ಎಂದು ಅಂದು ಕಲಿತೆ ಎನ್ನುತ್ತಾರೆ.

ಈಜಿನ ಮೇಡಂಗೆ ಈಗ ಎಪ್ಪತ್ತೊಂಬತ್ತು. ವಾರಕ್ಕೆ ಮೂರೇ ದಿನ ಬರುತ್ತಾರೆ. ತರಬೇತಿ ಮುಗಿಸಿ ಈ ತರಗತಿಯನ್ನು ನೀವೇ ವಹಿಸಿಕೊಳ್ಳಿ ಎಂದು ಚಾಪೆಯಕ್ಕನಿಗೆ ಎಷ್ಟೋ ಸಲ ಹೇಳಿದ್ದಾರೆ. ಇವರು ಒಪ್ಪಿಲ್ಲ. ಕಲಿಸುವುದಕ್ಕೆ ಬೇರೆ ಬಗೆಯ ಮನಸ್ಸು ಬೇಕು, ನನಗೆ ಬಾಗಿಲೇ ಸರಿ ಎನ್ನುತ್ತಾರೆ. ಅತ್ತೆಯವರೀಗ ಮನೆಯಲ್ಲಿ ಕುರ್ಚಿ ಹಿಡಿದು ದಿನಾ ಹತ್ತು ನಿಮಿಷ ಕಾಲು ಎತ್ತಿಳಿಸುತ್ತಾರೆ. ಅದನ್ನು ಯೋಗ ಎಂದರೆ ಮಾತ್ರ ಒಪ್ಪುವುದಿಲ್ಲ.

ಹಾಗಾದರೆ ಆಸೆಯೇನೂ ಇಲ್ಲವೇ ಎಂದು ಕೇಳಿದಾಗ ಚಾಪೆಯಕ್ಕ ಬಟ್ಟೆ ಹಿಂಡಿ ಬಕೆಟ್ಟಿನ ಅಂಚಿಗೆ ಹಾಕಿ, ಮೆಟ್ಟಿಲ ಕಡೆ ನೋಡುತ್ತಾರೆ. ಹತ್ತುವಾಗ ಬಲಗಡೆ ಹಿಡಿದುಕೊಳ್ಳಲು ಕಂಬಿ ಇದೆ. ಎಡಗಡೆ ಬರೀ ಗೋಡೆ. ಹೋದ ತಿಂಗಳು ಒಬ್ಬರು ಬಂದಿದ್ದರಂತೆ, ಬಲಗೈ ಮಾತ್ರ ಸ್ವಾಧೀನದಲ್ಲಿರುವವರು. ಹತ್ತಲು ಅಡ್ಡಿಯಿಲ್ಲ. ಇಳಿಯುವಾಗ ಆ ಕಂಬಿ ಎಡಗೈ ಕಡೆಗೆ ಬರುತ್ತದೆ. ಯಜಮಾನರಿಗೆ ಹೇಳಿಯಾಗಿದೆ. ನೋಡೋಣ ಎಂದಿದ್ದಾರೆ.

"ಆ ಗೋಡೆಗೂ ಒಂದು ಕಂಬಿ ಹಾಕಿಸಿದ್ರೆ ಸಾಕು," ಎನ್ನುತ್ತಾರೆ ಚಾಪೆಯಕ್ಕ. "ಅವರಿಗೆ ಸರಿಹೋಗೋ ತರಗತಿ ನಡುವಿನ ಮಹಡಿಯಲ್ಲಿದೆ. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಸ್ವಲ್ಪ ದಿನ ತಡೀರಿ, ನಾನೇ ಫೋನ್ ಮಾಡ್ತೀನಿ ಅಂತ ಅವರಿಗೆ ಹೇಳಿ ನಂಬರ್ ಬರೆದಿಟ್ಕೊಂಡಿದ್ದೀನಿ."