ಎರಡನೇ ಬೆರಳು

ಬೆರಳಿಟ್ಟರೆ ಇಲ್ಲವೇ ನಂಬರ್ ಒತ್ತಿದರೆ ತೆರೆಯುವ ಕೀಲಿಗಳನ್ನು ಮನೆಮನೆಗೆ ಹೋಗಿ ಬಾಗಿಲಿಗೆ ಕೂಡಿಸುವುದು ನನ್ನ ಕೆಲಸ. ಅವತ್ತು ಸಂಶಿಯಲ್ಲಿ ಮೆಣಸಿನಕಾಯಿ ವ್ಯಾಪಾರದ ಕಾಕಾ ಒಬ್ಬರ ಮನೆ. ನಾನು ಸ್ಕ್ರೂ ಬಿಗಿಯುವಷ್ಟು ಹೊತ್ತೂ ಬಾಜು ನಿಂತು ಒಂದೇ ಸವನೆ ಕೇಳಿದರು.

"ಕಳ್ಳ ರಾಡ್ ಹಾಕಿ ಮೀಟಿದ್ರ?"

"ಮೊದಲ ಬಾಗಿಲಾ ಮುರೀತೈತಿ ಕಾಕಾ, ಆಮ್ಯಾಲ ಕೀಲಿ."

"ಎಲ್ಲೋ ಕುಂತು ಮೊಬೈಲಿನಾಗ ತಗದ್ರ?"

"ಇದನ್ನ ನೆಟ್ಟಿಗೆ ಜೋಡ್ಸಿಲ್ರಿ. ನೀವು ನಂಬರ್ ಅಷ್ಟ ಯಾರಿಗೂ ಹೇಳಬ್ಯಾಡ್ರಿ."

"ಯಾರಿಗೆ ಹೇಳ್ಲಿ ತಗೋರಿ," ಎಂದು ನಕ್ಕರು.

ಅವರ ಬೆರಳ ಗುರುತನ್ನು ಕೀಲಿಗೆ ಸೇರಿಸಿ, ಎರಡನೆಯದು ಯಾರದು ಎಂದು ಕೇಳಿದೆ. ಒಳಗೆ ಬಿದ್ದುಗಿದ್ದರೆ ಹೊರಗಿನಿಂದ ತೆಗೆಯಲು ಇನ್ನೊಬ್ಬರು ಬೇಕೆಂದು ನಾವು ಎಲ್ಲರಿಗೂ ಹೇಳುತ್ತೇವೆ. ಕಾಕಾ ಓಣಿಯ ಕಡೆ ನೋಡಿದರು. ಎದುರಿಗೇ ತಮ್ಮನ ಮನೆ. ಮಾತು ಬಿಟ್ಟು ಬಹಳ ದಿನವಾಯಿತಂತೆ.

"ನಿಮ್ಮದ ಇಡ್ರಿ," ಅಂದರು.

"ಗುರ್ತಿಲ್ಲದಾಂವನ ಬೆರಳಿಟ್ಟು ಕಳ್ಳರ ಬಗ್ಗೆ ಕೇಳ್ತೀರಲ್ರಿ ಕಾಕಾ!"

ಕಾಕಾ ತಮ್ಮ ಎಡಗೈ ಹೆಬ್ಬೆರಳನ್ನೇ ಮುಂದೆ ಮಾಡಿದರು. ಸೇರಿಸಿದೆ. ಕೀಲಿ ಪೀಂ ಎಂದು ಒಪ್ಪಿಕೊಂಡಿತು. ಅದರ ಪಾಲಿಗೆ ಈಗ ಆ ಮನೆಯಲ್ಲಿ ಇಬ್ಬರಿದ್ದಾರೆ.

ಬಸ್ಸಿನಲ್ಲಿ ವಾಪಸ್ ಬರುವಾಗ ಅವರನ್ನು ನೆನೆದು ಅಯ್ಯೋ ಪಾಪ ಅನ್ನಿಸಿತು. ಹುಬ್ಬಳ್ಳಿಯ ನನ್ನ ರೂಮಿಗೆ ಇಂಥ ಕೀಲಿಯಿಲ್ಲ, ಸಾದಾದ್ದು. ಕೊಂಡಾಗ ಅಂಗಡಿಯವರು ಎರಡು ಕೀಲಿಕೈ ಕೊಟ್ಟಿದ್ದರು. ಕಿಸೆಯಿಂದ ತೆಗೆದು ನೋಡಿದೆ. ಎರಡೂ ಒಂದೇ ರಿಂಗಿನಲ್ಲಿದ್ದವು.