ಮೈಕಿನ ಮುಖ ಯಾವ ಕಡೆಗಿತ್ತು

1984ರ ಫೆಬ್ರುವರಿ. ಹುಮನಾಬಾದ, ಬಸವಕಲ್ಯಾಣ ಎರಡೂ ತಾಲ್ಲೂಕುಗಳಿಗೆ ಆಗ ನಾನೊಬ್ಬನೇ ರೇಡಿಯೋ ವರದಿಗಾರ. ಸುದ್ದಿ ಬರೆದು ಕಳಿಸುವುದರ ಜೊತೆಗೆ ಜನರ ಮಾತನ್ನು ಟೇಪಿನಲ್ಲಿ ಹಿಡಿದು ಕೇಂದ್ರಕ್ಕೆ ಮುಟ್ಟಿಸುವುದೂ ನನ್ನ ಕೆಲಸವಾಗಿತ್ತು. ಪ್ರತಿ ಧ್ವನಿಮುದ್ರಣದ ವಿವರವನ್ನು ಒಂದು ವಹಿಯಲ್ಲಿ ಬರೆದಿಡುತ್ತಿದ್ದೆ: ಸಮಯ, ಸ್ಥಳ, ಮಾತಾಡಿದವರು, ಮೀಟರಿನ ಮುಳ್ಳು ಎಲ್ಲಿಯವರೆಗೆ ಏರಿತು, ಕೊನೆಗೊಂದು ಷರಾ. ಆ ವಹಿಯಲ್ಲಿ ನಾನು ಬರೆದು ಹೊಡೆದುಹಾಕಿದ ಸಾಲು ಒಂದೇ ಒಂದು.

ಒಂದು ಶುಕ್ರವಾರ ಬೆಳಿಗ್ಗೆ ಶಾಲಾ ಮಾಸ್ತರ ಶಿವರಾಜ ನನ್ನಲ್ಲಿಗೆ ಬಂದ. ಅವನ ತಾಯಿ ಗುಂಡಮ್ಮ ಹುಮನಾಬಾದದ ಓಣಿಗಳಲ್ಲಿ ತೊಟ್ಟಿಲ ಪದಗಳಿಗೆ ಹೆಸರಾದವಳು. ಅವಳು ಹಾಡದೆ ಆ ಓಣಿಯಲ್ಲಿ ಯಾವ ಕೂಸಿಗೂ ಹೆಸರಿಟ್ಟದ್ದಿಲ್ಲ. ಈಗ ಅವಳ ಗಂಟಲಲ್ಲಿ ಗಡ್ಡೆ. ಸೋಮವಾರ ಸೊಲ್ಲಾಪುರದಲ್ಲಿ ಆಪರೇಷನ್. ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತೇವೆ, ಆಮೇಲೆ ಮಾತಿಲ್ಲ ಎಂದು ಡಾಕ್ಟರರು ಸ್ಪಷ್ಟವಾಗಿ ಹೇಳಿದ್ದರು. ಸೊಸೆ ಕಾಶಮ್ಮನಿಗೆ ಆಗ ಏಳು ತಿಂಗಳು.

‘ನಮ್ಮವ್ವ ಊರಾನ ಕೂಸಿಗೆಲ್ಲ ಹಾಡ್ಯಾಳ್ರಿ. ತನ್ನ ಮನಿ ಕೂಸಿಗೇ ಹಾಡೋದು ಉಳೀತದ. ಮೂರ ದಿನದಿಂದ ಮನ್ಯಾಗ ರೆಕಾರ್ಡ್ ಮಾಡಾಕತ್ತೇನಿ, ದನಿನೇ ಏಳವಲ್ದು,’ ಎಂದ ಶಿವರಾಜ.

ಮಧ್ಯಾಹ್ನ ಎರಡು ಗಂಟೆಗೆ ಅವರ ಮನೆ ತಲುಪಿದೆ. ಶಿವರಾಜ ಗೆಳೆಯರೊಬ್ಬರಿಂದ ಒಳ್ಳೆಯ ಕಂಡೆನ್ಸರ್ ಮೈಕನ್ನೇ ಎರವಲು ತಂದಿದ್ದ. ಇಂಥ ಮೈಕು ಸಣ್ಣ ಉಸಿರನ್ನೂ ಹಿಡಿಯುತ್ತದೆ, ಆದರೆ ಅದಕ್ಕೆ ಸ್ವಂತ ವಿದ್ಯುತ್ ಬೇಕು. ಇದರೊಳಗೆ ಒಂದು ಬ್ಯಾಟರಿ ಇತ್ತು, ಅದು ಚಾಲೂ ಇದೆ ಎಂದು ತೋರಿಸಲು ಮುಂಭಾಗದಲ್ಲಿ ಚಿಕ್ಕದೊಂದು ಕೆಂಪು ದೀಪವೂ ಇತ್ತು. ಮೈಕು ಸ್ಟ್ಯಾಂಡಿನ ಮೇಲೆ ನೆಟ್ಟಗೆ ನಿಲ್ಲುವಂಥದ್ದು. ಗುಂಡಮ್ಮ ದಕ್ಷಿಣದ ಗೋಡೆಗೆ ಒರಗಿ ಹೊರಸಿನ ಮೇಲೆ ಕೂತಿದ್ದಳು.

ಕ್ರಮವಾಗಿ ಪರೀಕ್ಷೆ ಶುರು ಮಾಡಿದೆ. ಒಂಬತ್ತು ವೋಲ್ಟಿನ ಬ್ಯಾಟರಿ ಎಂಟೂಮುಕ್ಕಾಲು ತೋರಿಸಿತು. ಕೇಬಲ್ ಬದಲಿಸಿದೆ. ಟೇಪ್ ರೆಕಾರ್ಡರಿನ ಹೆಡ್ ಒರೆಸಿದೆ. ಮೈಕನ್ನು ನನ್ನ ಎದುರಿಗಿಟ್ಟುಕೊಂಡು ಹತ್ತರವರೆಗೆ ಎಣಿಸಿದೆ. ಮುಳ್ಳು ತಳದಿಂದ ಸರಾಗವಾಗಿ ಸೊನ್ನೆಯ ಗುರುತಿಗೆ ಏರಿತು; ದನಿ ತಕ್ಕಷ್ಟಿದೆ ಎನ್ನಲು ಅದೇ ಗುರುತು. ದೋಷವಿಲ್ಲ. ಮೈಕನ್ನು ಗುಂಡಮ್ಮನ ಕಡೆಗೆ ತಿರುಗಿಸಿಟ್ಟು, ಕಾಶಮ್ಮ ಕೊಟ್ಟ ಚಹಾ ಕುಡಿಯಲು ಪಡಸಾಲೆಗೆ ಹೋದೆ.

ಮರಳಿ ಬಂದು ಹಾಡಲು ಹೇಳಿದಾಗ ಮುಳ್ಳು ಏಳಲೇ ಇಲ್ಲ. ವಾಲ್ಯೂಮ್ ಏರಿಸಿದರೆ ಹಿಸ್ಸೆಂಬ ಸದ್ದೇ ಜಾಸ್ತಿ. ಯಂತ್ರ ಸರಿಯಿದೆ ಎಂದು ಈಗಷ್ಟೇ ಖಚಿತ ಮಾಡಿಕೊಂಡಿದ್ದೆನಲ್ಲ, ವಹಿ ತೆರೆದು ಷರಾ ಬರೆದೆ: ‘ಹಾಡುವವರ ದನಿ ಕ್ಷೀಣ.’

ಗುಂಡಮ್ಮನಿಗೆ ಓದು ಬಾರದು. ಆದರೂ ನನ್ನ ಮುಖ ನೋಡಿ ತಿಳಿದುಕೊಂಡಳು. ‘ಬಿಡ್ರಿ ಸಾಹೇಬ್ರ. ಮಷೀನ್ ಖರಾಬ್ ಇಲ್ಲ, ನನ್ನ ಗಂಟಲಾ ಖರಾಬ್ ಅದ. ತೀರಿದ್ದನ್ನ ಎಷ್ಟಂತ ತೋಡ್ತೀರಿ?’ ಎಂದು ಸೆರಗನ್ನು ಕುತ್ತಿಗೆಗೆ ಸುತ್ತಿಕೊಂಡು ಗೋಡೆಯ ಕಡೆ ಹೊರಳಿದಳು.

ಹೊರಡುವ ಮುನ್ನ ಟೇಪನ್ನು ಒಮ್ಮೆ ಪೂರ್ತಿ ಕೇಳುವುದು ನನ್ನ ರೂಢಿ. ಹೆಡ್‌ಫೋನ್ ಹಾಕಿಕೊಂಡೆ. ಗುಂಡಮ್ಮನ ಹಾಡು ಬಾವಿಯೊಳಗಿಂದ ಬಂದಂತೆ. ಆದರೆ ಉತ್ತರದ ಗೋಡೆಯ ಗಡಿಯಾರ ಟಿಕ್ ಟಿಕ್ ಎಂದು ಕಿವಿಯ ಹತ್ತಿರವೇ ಬಡಿಯುತ್ತಿತ್ತು. ಗಡಿಯಾರ ಇದ್ದದ್ದು ಎಂಟು ಅಡಿ ದೂರ, ಗುಂಡಮ್ಮ ಇದ್ದದ್ದು ಎರಡು ಅಡಿ. ತಲೆ ಎತ್ತಿ ಮೈಕು ನೋಡಿದೆ. ಕೆಂಪು ದೀಪ ಗಡಿಯಾರದ ಕಡೆಗಿತ್ತು. ಇಂಥ ಮೈಕು ಮುಂದಿನ ದನಿಯನ್ನು ಹಿಡಿಯುತ್ತದೆ, ಬೆನ್ನ ಹಿಂದಿನದನ್ನು ಬಿಡುತ್ತದೆ. ಗುಂಡಮ್ಮ ಹಾಡಿದ್ದು ಅದರ ಬೆನ್ನಿಗೆ.

‘ಇದನ್ನ ಯಾರು ತಿರುಗಿಸಿದರು?’ ಎಂದೆ.

ಬಾಗಿಲಲ್ಲಿ ನಿಂತಿದ್ದ ಕಾಶಮ್ಮ ಅಂಜುತ್ತಲೇ ಹೇಳಿದಳು: ‘ನಾನೇ ರೀ. ದಿನಾ ನಾನೇ ತಿರುಗ್ಸೀನಿ. ದೀಪದ ಮಾರಿ ದಕ್ಷಿಣಕ್ಕ ಮಾಡಬಾರ್ದಲ್ರಿ. ಅತ್ತಿ ಹಿಂಗ ಜಡ್ಡಿನಾಗ ಕುಂತಾಳ. ಅಕಿ ಕಡಿ ಯಮನ ದಿಕ್ಕಿಗಿ ದೀಪಾ ಹ್ಯಾಂಗ ಇಡ್ಲಿ?’

ಶಿವರಾಜನ ಮುಖ ಕೆಂಪಾಯಿತು. ‘ಮೂರ ದಿನಾ ನಮ್ಮವ್ವನ್ನ ಒಣಾ ದಣಸಿದ್ಯಲ್ಲ!’

ಗೋಡೆಯ ಕಡೆಯಿಂದಲೇ ಗುಂಡಮ್ಮ ಮಾತಾಡಿದಳು. ‘ಅಕಿಗಿ ಯಾಕ ಬೈತಿ? ನನ್ನ ಉಳಸಾಕ ಮಾಡ್ಯಾಳ. ನೀ ಮಾಸ್ತರ, ಮೂರ ದಿನಾ ನಿನಗ್ಯಾಕ ತಿಳೀಲಿಲ್ಲ?’

ಆ ಪ್ರಶ್ನೆ ನನಗೂ ಸಲ್ಲಬೇಕಾಗಿತ್ತು. ವಾದ ಮಾಡುವ ಹೊತ್ತಲ್ಲ ಅದು. ಕಾಶಮ್ಮನನ್ನೇ ಕೇಳಿದೆ, ದೀಪ ಯಾವ ಕಡೆ ಮುಖ ಮಾಡಿದರೆ ಒಳ್ಳೆಯದು? ‘ಮೂಡಣಕ್ಕ,’ ಎಂದಳು. ಶಿವರಾಜನೂ ನಾನೂ ಹೊರಸನ್ನು ಎತ್ತಿ ಮೂಡಣ ಗೋಡೆಗೆ ಸರಿಸಿದೆವು. ಮೈಕನ್ನು ಕಾಶಮ್ಮನೇ ಅತ್ತ ತಿರುಗಿಸಿದಳು. ಗಡಿಯಾರ ನಿಲ್ಲಿಸಿದೆವು.

ಗುಂಡಮ್ಮ ಬಿಸಿನೀರು ಗುಟುಕರಿಸಿ ಹಾಡಿದಳು. ದನಿ ಒಡೆದಿತ್ತು, ಆದರೆ ಕ್ಷೀಣವಾಗಿರಲಿಲ್ಲ. ಮುಳ್ಳು ಸೊನ್ನೆಯ ಹತ್ತಿರ ತೂಗುತ್ತಿತ್ತು. ಎರಡನೆಯ ನುಡಿಯ ನಡುವೆ ಅದು ತಟ್ಟನೆ ತಳಕ್ಕೆ ಬಿತ್ತು. ದೋಷ ಮತ್ತೆ ಬಂತೆಂದು ಟೇಪ್ ನಿಲ್ಲಿಸಲು ಕೈ ಚಾಚಿದೆ. ಗುಂಡಮ್ಮ ಕೈ ಎತ್ತಿ ನನ್ನನ್ನು ತಡೆದಳು, ಮುಂದಿನ ಸಾಲು ಎತ್ತಿಕೊಂಡಳು. ಮುಂದಿನ ಪ್ರತಿ ನುಡಿಯಲ್ಲೂ ಅದೇ ಜಾಗದಲ್ಲಿ ಅಷ್ಟೇ ಹೊತ್ತು ಮುಳ್ಳು ಬಿತ್ತು. ಹಾಡು ಮುಗಿದ ಮೇಲೆ ಹೇಳಿದಳು: ‘ಅಲ್ಲಿ ಕೂಸಿನ ಹೆಸರ ಬರ್ತದ್ರಿ. ಹೆಸರ ಇನ್ನ ಇಟ್ಟಿಲ್ಲಲ್ಲ, ಜಾಗಾ ಬಿಟ್ಟೀನಿ.’

ಸೋಮವಾರ ಆಪರೇಷನ್ ಆಯಿತು.

ಮೇ ತಿಂಗಳಲ್ಲಿ ತೊಟ್ಟಿಲ ಕಾರ್ಯಕ್ಕೆ ನನ್ನನ್ನೂ ಕರೆದಿದ್ದರು. ಹೆಣ್ಣು ಕೂಸು, ಗಿರಿಜಾ ಎಂದು ಹೆಸರಿಟ್ಟರು. ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಕೊಂಡ ಗುಂಡಮ್ಮ ತೊಟ್ಟಿಲ ಹಗ್ಗ ಹಿಡಿದು ಕೂತಿದ್ದಳು. ಶಿವರಾಜ ಟೇಪು ಹಚ್ಚಿದ. ಎರಡನೆಯ ನುಡಿಯಲ್ಲಿ ಹಾಡು ನಿಂತಿತು. ಯಾರೂ ಹೇಳಿಕೊಟ್ಟಿರಲಿಲ್ಲ. ಆ ಖಾಲಿ ಜಾಗದಲ್ಲಿ ಓಣಿಯ ಹೆಂಗಸರೆಲ್ಲ ಒಂದೇ ದನಿಯಲ್ಲಿ ‘ಗಿರಿಜಾ’ ಎಂದರು. ಗುಂಡಮ್ಮನ ತುಟಿಯೂ ಅವರ ಜೊತೆ ಆಡಿತು.

‘ದನಿ ಕ್ಷೀಣ’ ಎಂಬ ಆ ಸಾಲನ್ನು ನಾನು ಹೊಡೆದುಹಾಕಿದ್ದು ಆ ಶುಕ್ರವಾರವೇ. ಅದರ ಮುಂದಿನ ಇಪ್ಪತ್ತು ವರ್ಷ, ಯಾರದೇ ದನಿ ಸಣ್ಣದೆಂದು ಬರೆಯುವ ಮೊದಲು ನನ್ನ ಮೈಕು ಯಾವ ಕಡೆ ಮುಖ ಮಾಡಿದೆ ಎಂದು ಎದ್ದು ಹೋಗಿ ನೋಡಿದ್ದೇನೆ. ಮುಳ್ಳು ತಳಕ್ಕೆ ಬಿದ್ದಾಗ, ಟೇಪ್ ನಿಲ್ಲಿಸದೆ ಕಾದಿದ್ದೇನೆ.