ಬಿಟ್ಟವರನ್ನೂ ಎಣಿಸಿದವರು

ಸಿಸ್ಟರ್ ಬಾಯಿಯವರ ಚಪ್ಪಲಿಯ ಅಂಚಿಗೆ ಎರಡು ಬಣ್ಣದ ಮಣ್ಣು ಅಂಟಿರುತ್ತಿತ್ತು. ಕೆಳಗೆ ಒಣಗಿದ ಬೀದರಿನ ಕೆಂಪು ಮಣ್ಣು, ಅದರ ಮೇಲೆ ನಮ್ಮ ಸಂತಪುರದ ಹಸಿ ಕಪ್ಪು ಮಣ್ಣು. ಔರಾದಿಗೆ ಹೋಗುವ ಬಸ್ಸಿನಿಂದ ಇಳಿದು ಬಂದು, ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು, ನೀರು ಕುಡಿಯುವ ಮೊದಲೇ ಕೇಳುತ್ತಿದ್ದರು:

“ಕಾಕಾ, ಬ್ಯಾನಿ ಇವತ್ತು ಎಷ್ಟದ? ಸೊನ್ನಿಯಿಂದ ಹತ್ತರೊಳಗ ಹೇಳ್ರಿ.”

ಅವರು ಬೀದರಿನ ಒಂದು ಆಸ್ಪತ್ರೆಯ ನರ್ಸ್. ಮೊಣಕಾಲು ನೋವಿನ ಹೊಸ ಗುಳಿಗೆಯೊಂದರ ಪರೀಕ್ಷೆ ಅಲ್ಲಿ ನಡೆದಿತ್ತು. ಹಿಟ್ಟಿನ ಗಿರಣಿಯಲ್ಲಿ ನಿಂತೂ ನಿಂತೂ ನನ್ನ ಮೊಣಕಾಲು ಹೋಗಿದ್ದವು; ಹೆಂಡತಿಯವು ನನಗಿಂತ ಮೊದಲೇ ಹೋಗಿದ್ದವು. ಇಬ್ಬರೂ ಸೇರಿಕೊಂಡೆವು. ಕೆಲವರಿಗೆ ಖರೆ ಔಷಧಿ, ಕೆಲವರಿಗೆ ನೋಡಲು ಹಾಗೆಯೇ ಇರುವ, ಔಷಧಿಯಿಲ್ಲದ ಸಾದಾ ಗುಳಿಗೆ. ಯಾರಿಗೆ ಯಾವುದು ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದ್ದರು. ಅದು ನಮಗೂ ತಿಳಿಯದು, ಸಿಸ್ಟರ್ ಬಾಯಿಗೂ ತಿಳಿಯದು. ಎಲ್ಲ ಮುಗಿದ ಮೇಲೆಯೇ ಗುಟ್ಟು ಬಿಚ್ಚುವುದು.

ಚಹಾವನ್ನು ಬಸಿಗೆ ಸುರಿದುಕೊಂಡು, ಚರ್ಚಿನ ಹಾಡೊಂದನ್ನು ಮೂಗಿನಲ್ಲೇ ಗುನುಗುತ್ತ ನಮ್ಮ ಉತ್ತರಕ್ಕೆ ಕಾಯುತ್ತಿದ್ದರು. ‘ಆರಾಮ ಅದ’ ಎಂದರೆ ಒಪ್ಪುತ್ತಿರಲಿಲ್ಲ.

“ಬೀಗರಿಗಿ ಹೇಳಿದಂಗ ಹೇಳಬ್ಯಾಡ್ರಿ. ಬ್ಯಾನಿ ನಿಮ್ಮದು. ಸುಳ್ಳು ಹೇಳಿದ್ರ ಎಲ್ಲಾರ ತಲಿ ಮ್ಯಾಲ ಬರ್ತದ.”

ಕೆಲವು ವಾರಗಳಲ್ಲಿ ಹೆಂಡತಿ “ಮೂರು” ಎನ್ನತೊಡಗಿದಳು. ಮೆಣಸಿನಕಾಯಿ ಒಣಗಿಸಲು ತಾನೇ ಮಾಳಿಗೆ ಹತ್ತಿದಳು. ನನ್ನದು ಎಂಟಕ್ಕೇ ನಿಂತಿತ್ತು. ಖರೆ ಔಷಧಿ ಅವಳಿಗೇ ಸಿಕ್ಕಿದೆ ಎಂದು ನನಗೆ ಹೊಟ್ಟೆಕಿಚ್ಚಾಯಿತು.

“ನಿನ್ನ ಗುಳಿಗಿ ಡಬ್ಬಿ ನನಗ ಕೊಡು, ನಂದು ನೀ ತೊಗೊ” ಎಂದೆ.

ಅವಳು ನಕ್ಕಳು. “ತೊಗೋರಿ. ನನಗೇನು ಶರ್ಯತ್ತಿನಾಗ ಓಡೋದದ?”

ನನ್ನ ನೋವು ಇಳಿಯಿತು. ಅವಳು ಮತ್ತೆ ಗೋಡೆ ಹಿಡಿದು ನಡೆಯತೊಡಗಿದಳು. “ಅವರವರ ಗುಳಿಗಿ ಅವರವರೇ ತೊಗೊಳ್ತೀರಲ್ಲ?” ಎಂದು ಸಿಸ್ಟರ್ ಬಾಯಿ ಕೇಳಿದಾಗಲೆಲ್ಲ ನಾನು ಹೌದೆಂದೆ. ಹೆಂಡತಿ ನನ್ನ ಮುಖ ನೋಡಿ, ಬಸಿ ಎತ್ತಿಕೊಂಡು ಒಳಗೆ ಹೋದಳು. ಮತ್ತೆಂದೂ ಮಾಳಿಗೆ ಹತ್ತಲಿಲ್ಲ. ಆ ಚಳಿಗಾಲದಲ್ಲಿ ನ್ಯುಮೋನಿಯಾ ಆಗಿ ತೀರಿಕೊಂಡಳು.

ನಾನು ಗುಳಿಗೆ ಬಿಟ್ಟುಬಿಟ್ಟೆ. ಆದರೂ ಸಿಸ್ಟರ್ ಬಾಯಿ ಬಂದರು.

“ಇನ್ನ ಯಾಕ ಬರ್ತೀರಿ ಬಾಯಿ? ನಾ ಬಿಟ್ಟೇನಿ. ಅಕಿ ಹೋದಳು.”

“ನೀವು ಗುಳಿಗಿ ಬಿಟ್ರೂ ನಾವು ನಿಮಗ ಬಿಡಂಗಿಲ್ಲ ಕಾಕಾ. ಚೀಟಿ ಯಾವ ಗುಂಪಿನಾಗ ಬಂತೋ ಕಡೀತನಕ ಅದೇ ಗುಂಪಿನಾಗ ಎಣಸ್ತೀವಿ. ಆರಾಮ ಆದೋರಿಗಷ್ಟೇ ಎಣಸಿದ್ರ ಎಂಥಾ ಔಷಧಿನೂ ಚಲೋನೇ ಕಾಣ್ತದ.”

“ಅಕಿಗೂ ಎಣಸ್ತೀರೇನು?”

“ಕಾಕುಗೂ.”

ಅಷ್ಟು ಕೇಳಿ ನನಗೆ ತಡೆಯಲಾಗಲಿಲ್ಲ. ಡಬ್ಬಿ ಬದಲಿಸಿದ್ದನ್ನು ಹೇಳಿಬಿಟ್ಟೆ. ಅವರು ಬೈಯಲಿಲ್ಲ. ಬಸಿಯಲ್ಲಿನ ಚಹಾ ಆರಿಹೋಯಿತು.

“ಇದೂ ಬರೀಬೇಕಾಗ್ತದ, ಕಾಕಾ.”

“ಬರೀರಿ.”

“ಡಬ್ಬಿ ಬದಲ ಮಾಡೀರಿ. ಆದ್ರ ಕಾಕು ಜಾಗಾ ಬದಲ ಆಗಂಗಿಲ್ಲ. ಅಕಿ ಚೀಟಿ ಬಂದಲ್ಲೇ ಇರ್ತಾಳ.”

ಅಂದಿನಿಂದ ನಾನು ಒಂದನ್ನೇ ಕೇಳುತ್ತಿದ್ದೆ: ಅವಳ ಡಬ್ಬಿಯಲ್ಲಿ ಏನಿತ್ತು? ಗುಟ್ಟು ಬಿಚ್ಚಿದ ಮೇಲೆ ಅವರು ಬಂದರು. ಆ ದಿನವೊಂದೇ ನನ್ನ ನೋವು ಎಷ್ಟೆಂದು ಕೇಳಲಿಲ್ಲ.

“ಇಬ್ಬರದೂ ಸಾದಾ ಗುಳಿಗಿನೇ ಇತ್ತು.”

“ಹಾಂಗಾದ್ರ ನಾ ಅಕೀದು ಏನೂ ಕಸಗೊಂಡಿಲ್ಲಲ್ಲ ಬಾಯಿ?”

ಅವರು ಬಸಿ ಕೆಳಗಿಟ್ಟರು. “ಬ್ಯಾನಿ ತನ್ನಷ್ಟಕ್ಕ ಏರ್ತದ, ಇಳೀತದ. ನಂಬಿಕಿಗೂ ಇಳೀತದ. ಒಂದೇ ಮನಿ ನೋಡಿ ಹೇಳ್ಲಿಕ್ಕಿ ಬರಂಗಿಲ್ಲ, ಅದಕ್ಕೇ ಅಷ್ಟು ಮಂದಿಗಿ ಕೇಳ್ತೇವಿ. ಔಷಧಿ ಎಷ್ಟು ಕೆಲಸ ಮಾಡ್ತು ಅನ್ನೋದು ಅದರಿಂದ ತಿಳೀತದ. ನೀವು ಕಾಕುದು ಏನು ಕಸಗೊಂಡ್ರಿ ಅನ್ನೋದು ನಾ ಹ್ಯಾಂಗ ಹೇಳ್ಲಿ?”

ಡಬ್ಬಿಯಲ್ಲಿ ಔಷಧಿ ಇರಲಿಲ್ಲ, ನಿಜ. ಆದರೆ ಆ ಡಬ್ಬಿ ತನ್ನ ಕೈಯಲ್ಲಿದ್ದಾಗ ಅವಳು ಮಾಳಿಗೆ ಹತ್ತಿದ್ದಳು.

ಪರೀಕ್ಷೆ ಮುಗಿದ ಮೇಲೂ ಔರಾದಿಗೆ ಹೋಗುವಾಗ ಒಮ್ಮೊಮ್ಮೆ ಸಿಸ್ಟರ್ ಬಾಯಿ ನಮ್ಮಲ್ಲಿ ಇಳಿಯುತ್ತಿದ್ದರು. ಬರೆದುಕೊಳ್ಳಲು ಏನೂ ಇರಲಿಲ್ಲ, ಆದರೂ ಎಷ್ಟೆಂದು ಕೇಳುತ್ತಿದ್ದರು. ನಿವೃತ್ತಿಯಾಗಿ ಭಾಲ್ಕಿಯಲ್ಲಿ ತಂಗಿಯ ಮನೆ ಸೇರಿದರು. ತೀರಿಕೊಂಡ ಸುದ್ದಿ ನನಗೆ ತಡವಾಗಿ ಬಂತು. ಹೋದೆ. ತಂಗಿ ಸಮಾಧಿ ತೋರಿಸಿದರು. ಚಪ್ಪಲಿ ಕಳೆದು ನಿಂತೆ.

ಈಗ ನನ್ನನ್ನು ಯಾರೂ ಕೇಳುವುದಿಲ್ಲ. ಬೀದರಿನ ಬಸ್ಸು ತಿರುವಿನಲ್ಲಿ ಹಾರ್ನ್ ಹೊಡೆದಾಗ ಬಾಗಿಲ ಕಡೆ ನೋಡಿ ನಾನೇ ಹೇಳುತ್ತೇನೆ. ಆರಿದ್ದರೆ ಆರು, ಎಂಟಿದ್ದರೆ ಎಂಟು. ಕಡಿಮೆ ಮಾಡಿ ಹೇಳುವುದಿಲ್ಲ.